ಹದಿನೇಳನೇ ಕಾಲು

ಕಾಲಿಗೂ ಪಾಠ ಹೇಳಿಕೊಡಬಹುದು ಎಂದು ನಮ್ಮ ಸಂಸ್ಥೆಯಲ್ಲಿ ಮೊದಲು ಬಾಯಿಬಿಟ್ಟವಳು ನಾನೇ. ಆಗ ಎಲ್ಲರೂ ನಕ್ಕಿದ್ದರು. ನಕ್ಕವರೇ ಎರಡು ವರ್ಷದ ಮೇಲೆ ಚಪ್ಪಾಳೆ ತಟ್ಟಿದರು. ಈಗ ನಗುವವರೂ ಇಲ್ಲ, ತಟ್ಟುವವರೂ ಇಲ್ಲ. ನಾನು ಕ್ಯಾಂಟೀನಿಗೆ ಹೋದರೆ ಮಾತು ಬದಲಾಯಿಸುತ್ತಾರೆ, ಅಷ್ಟೆ.

ಮನುಷ್ಯನ ಕಾಲಿನಲ್ಲಿ ರಕ್ತ ಕೆಳಗಿಳಿಯುವುದು ಸುಲಭ, ಹೃದಯ ನೂಕುತ್ತದೆ. ವಾಪಸು ಹತ್ತುವುದೇ ಕಷ್ಟ. ಮೀನಖಂಡ ಹಿಂಡಿದಾಗ ರಕ್ತ ಮೇಲೇರುತ್ತದೆ. ಸಡಿಲಿಸಿದಾಗ ಅದು ಕೆಳಗೆ ಜಾರದಂತೆ ನಾಳದೊಳಗಿನ ಪುಟ್ಟ ಕವಾಟಗಳು ಬಾಗಿಲು ಹಾಕಿಕೊಳ್ಳುತ್ತವೆ. ವರ್ಷಗಟ್ಟಲೆ ನಿಂತೇ ದುಡಿಯುವವರಲ್ಲಿ ಈ ಬಾಗಿಲುಗಳು ಸೋತು ತೆರೆದೇ ಉಳಿಯುತ್ತವೆ. ರಕ್ತ ಕೆಳಗೆ ಮಡುಗಟ್ಟುತ್ತದೆ. ಚರ್ಮ ಕಪ್ಪಾಗುತ್ತದೆ, ತುರಿಸುತ್ತದೆ, ಕೊನೆಗೊಂದು ದಿನ ಪಾದದ ಗಿಣ್ಣಿನ ಒಳಬದಿಯಲ್ಲಿ ಒಡೆಯುತ್ತದೆ. ಆ ಹುಣ್ಣು ಮಾಯುವುದಿಲ್ಲ. ಮಾಯ್ದರೂ ಮತ್ತೆ ಒಡೆಯುತ್ತದೆ. ಜನ ಇದನ್ನು ನರದ ಹುಣ್ಣು ಎನ್ನುತ್ತಾರೆ. ಅದು ನರವಲ್ಲ, ಅಭಿಧಮನಿ ಎಂದು ನಾನು ಎಷ್ಟೋ ಜನರನ್ನು ತಿದ್ದಿದ್ದೇನೆ. ತಿದ್ದುವುದರಲ್ಲಿ ನನಗೆ ಬಹಳ ಉತ್ಸಾಹವಿತ್ತು.

ಮೇಲ್ಪದರದ ನಾಳ ಕೆಟ್ಟರೆ ಲೇಸರಿನಿಂದ ಸುಟ್ಟು ಮುಚ್ಚಬಹುದು, ಅದು ಹಳೆಯ ವಿದ್ಯೆ. ಒಳನಾಳ ಕೆಟ್ಟರೆ ಮುಚ್ಚುವಂತಿಲ್ಲ, ರಕ್ತಕ್ಕೆ ಅದೇ ಮುಖ್ಯ ರಸ್ತೆ. ಹೊಸ ಕವಾಟ ಕೂರಿಸಿದರೆ ನಿಧಾನವಾಗಿ ಹರಿಯುವ ರಕ್ತ ಅದರ ಮೇಲೆಯೇ ಹೆಪ್ಪುಗಟ್ಟುತ್ತಿತ್ತು. ನಾವು ಮಾಡಿದ್ದು ಮೆದುಕವಾಟ. ತೊಡೆಯಲ್ಲಿ ಒಂದು ಸೂಜಿ ಚುಚ್ಚು, ಅಷ್ಟೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ರೋಗಿ ಅರ್ಧ ಗಂಟೆಯಲ್ಲಿ ಎದ್ದು ಚಹಾ ಕುಡಿಯುತ್ತಾನೆ. ಸೂಜಿಯಿಂದ ಹೋದ ಜೆಲ್ ನಾಳದ ಗೋಡೆಗೆ ಅಂಟಿ ಎರಡು ರೆಕ್ಕೆಯಾಗಿ ಬಿಚ್ಚಿಕೊಳ್ಳುತ್ತದೆ. ರಕ್ತ ಬಂದು ತಳ್ಳುವವರೆಗೆ ಅದು ಕಾಯುವುದಿಲ್ಲ. ತಳ್ಳುವ ಒಂದು ಕ್ಷಣ ಮುಂಚೆ ತಾನಾಗಿ ತೆರೆಯುತ್ತದೆ, ತಾನಾಗಿ ಮುಚ್ಚುತ್ತದೆ. ಹೆಪ್ಪು ಕೂರಲು ಎಡೆಯೇ ಇಲ್ಲ.

ಒಂದು ಕ್ಷಣ ಮುಂಚೆ ಅದಕ್ಕೆ ಹೇಗೆ ಗೊತ್ತಾಗಬೇಕು? ಅದೇ ನಾನು ಹೇಳಿಕೊಟ್ಟ ಪಾಠ. ಒಬ್ಬೊಬ್ಬರ ಕಾಲಿಗೂ ಒಂದೊಂದು ಲಯವಿದೆ. ನಲವತ್ತು ದಿನ ರೋಗಿ ಮೀನಖಂಡದ ಕೆಳಗೆ ಎರಡು ಬೆರಳಗಲದ ನೀಲಿ ಪಟ್ಟಿ ಕಟ್ಟಿಕೊಳ್ಳಬೇಕು. ಹಗಲೆಲ್ಲ ಅದು ಸ್ನಾಯುವಿನ ಹಿಂಡುವಿಕೆಯನ್ನು ಗಮನಿಸುತ್ತದೆ. ಸಂಜೆ ರೋಗಿ ಮಲಗಿ ಕಾಲು ಎತ್ತರಕ್ಕಿಟ್ಟು, ಪಟ್ಟಿಯನ್ನು ಅರ್ಧ ಗಂಟೆ ತೊಡೆಗೆ ಕಟ್ಟಿಕೊಂಡರೆ, ಹಗಲು ಕಲಿತದ್ದನ್ನು ಅದು ಒಳಗಿನ ಕವಾಟಕ್ಕೆ ಒಪ್ಪಿಸುತ್ತದೆ. ನಲವತ್ತೊಂದನೆಯ ದಿನ ನಾವು ಹೊರಗಿನಿಂದ ಒಂದು ಅಯಸ್ಕಾಂತದ ಮಿಡಿತ ಕೊಡುತ್ತೇವೆ. ಜೆಲ್ ಗಟ್ಟಿಯಾಗುತ್ತದೆ. ಆಮೇಲೆ ಬ್ಯಾಟರಿ ಬೇಡ, ಔಷಧ ಬೇಡ. ಕಲಿತದ್ದನ್ನು ಅದು ಸಾಯುವವರೆಗೆ ಮರೆಯುವುದಿಲ್ಲ.

ಈ ಕೊನೆಯ ವಾಕ್ಯವನ್ನು ಸಭೆಗಳಲ್ಲಿ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಿದ್ದೆ.

ಪ್ರಯೋಗಕ್ಕೆ ದಾವಣಗೆರೆಯನ್ನು ಆರಿಸಿದ್ದೂ ನಾನೇ. ನಿಂತು ದುಡಿಯುವವರು ಬೇಕಿತ್ತು, ಇಲ್ಲಿ ಮಂಡಕ್ಕಿ ಭಟ್ಟಿಗಳಿದ್ದವು. ಕರೆಂಟಿನ ಭಟ್ಟಿ ಬಂದ ಮೇಲೂ ಕೈಭಟ್ಟಿಯ ಮಂಡಕ್ಕಿಯೇ ಬೇಕೆನ್ನುವ ಬಾಯಿಗಳು ಊರಲ್ಲಿ ಉಳಿದಿದ್ದರಿಂದ ಒಂದು ಓಣಿಯಷ್ಟು ಭಟ್ಟಿಗಳು ಉಳಿದಿದ್ದವು. ಹದಿನೇಳನೆಯ ಹೆಸರು ಹಾಲಮ್ಮನದು.

ಅವಳು ಬಂದ ದಿನ ಒಳಗೆ ಬರುವ ಮುಂಚೆ ವಾಸನೆ ಬಂತು. ನಮ್ಮ ಡಾಕ್ಟರ್ ಫಾಲಾಕ್ಷ ಮೂಗು ಮುಚ್ಚುವವರಲ್ಲ. ಸ್ಟೂಲು ಎಳೆದುಕೊಂಡು ಕೂತು ಅವಳ ಬಲಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಸುತ್ತಿದ್ದ ಹಳೆಯ ಪಂಚೆಯ ಸೀಳನ್ನು ನೀರು ಹಾಕಿ ನೆನೆಸಿ ಬಿಡಿಸಿದರು. ಅಂಗೈ ಅಗಲದ ಹುಣ್ಣು. ಅಂಚು ಹಳದಿ, ನಡುವೆ ಹಸಿ ಕೆಂಪು.

"ಎಷ್ಟು ದಿನ ಆಯ್ತಮ್ಮಾ?"

"ದಿನ ಎಲ್ಲೀದ್ರಿ, ಹನ್ನೊಂದು ವರ್ಷ ಆತು. ನಮಗ ಮಕ್ಕಳಾಗ್ಲಿಲ್ಲ, ಇದನ್ನ ಸಾಕೀವಿ. ಸಾಲಿಗೆ ಹಚ್ಚಿದ್ರ ಇಷ್ಟೊತ್ತಿಗೆ ಐದನೇ ಕ್ಲಾಸು ಮುಗಿಸ್ತಿತ್ತು."

ಪಕ್ಕದಲ್ಲಿ ನಿಂತಿದ್ದ ಗಂಡ ಅಂಜಿನಪ್ಪ ನಗಲಿಲ್ಲ. ಅದೇ ಭಟ್ಟಿಯಲ್ಲಿ ಮೂಟೆ ಹೊರುವವನು. ಐವತ್ತು ದಾಟಿದರೂ ಕಾಲುಗಳು ಗಟ್ಟಿ. ಅವನ ಕಣ್ಣು ಹುಣ್ಣಿನ ಮೇಲಿರಲಿಲ್ಲ, ಹೆಂಡತಿಯ ಮುಖದ ಮೇಲಿತ್ತು. ನೋವಾದರೆ ತಕ್ಷಣ ಗೊತ್ತಾಗಲಿ ಎಂಬಂತೆ ನೋಡುತ್ತಿದ್ದ.

"ಕಾಲು ಉಳೀತೈತೇನ್ರಿ?" ಎಂದು ಅವನು ಕೇಳಿದ.

"ಉಳಿಸೋಕೇ ಇಷ್ಟೆಲ್ಲ ಮಾಡ್ತಿರೋದು" ಎಂದರು ಡಾಕ್ಟರ್. "ಒಳನಾಳ ಪೂರ್ತಿ ಸೋತಿದೆ. ಹೀಗೇ ಬಿಟ್ರೆ ಕಷ್ಟ. ಇವರ ಕವಾಟ ಕೂತು ಕೆಲಸ ಮಾಡಿದ್ರೆ ಉಳಿಯುತ್ತೆ."

ನಾನು ಹಾಲಮ್ಮನನ್ನು ಕೇಳಿದೆ, ವಾಸಿಯಾದ ಮೇಲೆ ಏನು ಮಾಡಬೇಕೆಂದಿದ್ದೀರಿ ಅಂತ. ಅದು ನಮ್ಮ ಫಾರಂನಲ್ಲಿದ್ದ ಪ್ರಶ್ನೆ.

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಮದುವಿ ಮನ್ಯಾಗ ಪಂಕ್ತಿ ನಡುವೆ ಕುಂತು ಉಣ್ಣಬೇಕ್ರಿ. ಹನ್ನೊಂದು ವರ್ಷದಿಂದ ಬಾಗ್ಲು ಕಡೆ ತುದೀಗೆ ಕುಂದ್ರತೀನಿ. ಯಾರೂ ಏನೂ ಅನ್ನೂದಿಲ್ಲ. ಎಲಿ ಎತ್ಕೊಂಡು ಆಕಡೆ ಸರೀತಾರ, ಅಷ್ಟ."

ಬುಧವಾರ ಕವಾಟ ಕೂರಿಸಿದೆವು. ಪಟ್ಟಿಯನ್ನು ಅವಳ ಕಾಲಿಗೆ ನಾನೇ ಕಟ್ಟಿದೆ. "ಕಡಗ ಚಲೋ ಐತಿ" ಎಂದಳು. ದಿನಕ್ಕೆ ಆರು ಸಾವಿರ ಹೆಜ್ಜೆ ನಡೆಯಬೇಕು, ಸತತ ಐದು ದಿನ ಕಡಿಮೆಯಾದರೆ ಪ್ರಯೋಗದಿಂದ ಹೆಸರು ತೆಗೆಯುತ್ತೇವೆ ಎಂದು ಹೇಳಿದೆ. ಆರು ಸಾವಿರ ನನ್ನದೇ ಲೆಕ್ಕ. ನಮ್ಮ ಕಚೇರಿಯ ಇಪ್ಪತ್ತು ಜನರಿಗೆ ಪಟ್ಟಿ ಕಟ್ಟಿ, ಅವರು ನಡೆದಾಗ ಕವಾಟ ಬೇಗ ಕಲಿಯುವುದನ್ನು ನೋಡಿ ಆ ಸಂಖ್ಯೆ ಇಟ್ಟಿದ್ದೆ. ಆ ಇಪ್ಪತ್ತು ಜನರಲ್ಲಿ ಒಬ್ಬರೂ ನಿಂತು ಕೆಲಸ ಮಾಡುವವರಲ್ಲ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ.

ನಿಯಂತ್ರಣ ಕೊಠಡಿ ಎರಡನೆಯ ಮಹಡಿಯಲ್ಲಿದೆ. ಗೋಡೆಯ ಪರದೆಯ ಮೇಲೆ ಮುನ್ನೂರು ಸಾಲು, ಮುನ್ನೂರು ಕಾಲು. ಚೆನ್ನಾಗಿ ನಡೆದವರದು ಹಸಿರು, ಇಲ್ಲದವರದು ಕೆಂಪು. ಹದಿನೇಳು ಮೊದಲ ದಿನ ಕೆಂಪು. ಎಂಟುನೂರ ಎಪ್ಪತ್ತು ಹೆಜ್ಜೆ. ಎರಡನೆಯ ದಿನ ಒಂಬೈನೂರು. ಉಳಿದ ಹೊತ್ತೆಲ್ಲ ಆ ಸಾಲಿನಲ್ಲಿ ಸಣ್ಣಸಣ್ಣ ಏರಿಳಿತ, ನಡಿಗೆಯೂ ಅಲ್ಲ, ವಿಶ್ರಾಂತಿಯೂ ಅಲ್ಲ. ನಮ್ಮ ಭಾಷೆಯಲ್ಲಿ ಇಂಥದ್ದಕ್ಕೆ ಕಸ ಎನ್ನುತ್ತೇವೆ. ಕಸವನ್ನು ಕವಾಟಕ್ಕೆ ಕಲಿಸಬಾರದೆಂದು ಸೋಸುವ ವ್ಯವಸ್ಥೆಯೂ ಇತ್ತು. ನಾಲ್ಕು ದಿನದ ಕಸವನ್ನೂ ಸೋಸಿ ಬದಿಗಿಟ್ಟೆ.

ನಾಲ್ಕನೆಯ ಸಂಜೆ ಪಟ್ಟಿ ತಾನಾಗಿ ಮಾತಾಡಿತು. ದನಿ ನನ್ನದು, ಮೊದಲೇ ಮುದ್ರಿಸಿದ್ದು. "ನಿಮ್ಮ ಹೆಜ್ಜೆ ಕಡಿಮೆಯಾಗಿದೆ. ಇನ್ನೊಂದು ದಿನ ಹೀಗಾದರೆ ನಿಮ್ಮ ಹೆಸರನ್ನು ತೆಗೆಯಲಾಗುವುದು."

ಐದನೆಯ ದಿನ ಹದಿನೇಳು ಹಸಿರಾಯಿತು. ಆರು ಸಾವಿರದ ನಾನೂರ ಹನ್ನೆರಡು. ಗಡಿಯಾರ ಇಟ್ಟಂಥ ಲಯ. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದೆ. ಭಯ ಬಿದ್ದ ಮೇಲೆ ನಡೆದಿದ್ದಾಳೆ, ನೋಡಿ, ನಿಯಮ ಅಂದರೆ ಹೀಗಿರಬೇಕು ಎಂದೆ.

ಅವಳ ಮನೆಯಲ್ಲಿ ಆ ನಾಲ್ಕನೆಯ ಸಂಜೆ ಏನಾಯಿತೆಂದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಹೇಳಿದವಳು ಹಾಲಮ್ಮನೇ.

ಬೆಳಗಿನಿಂದ ಮಧ್ಯಾಹ್ನದವರೆಗೆ ಭಟ್ಟಿಯ ಮುಂದೆ ನಿಂತು ಬಂದ ಕಾಲು. ಮನೆಯಿಂದ ಮೂಲೆಯ ನಲ್ಲಿಯವರೆಗೆ ಹೋಗಿ ಬಂದರೆ ಹುಣ್ಣಿನಿಂದ ನೀರು ಸುರಿಯುತ್ತಿತ್ತು. ಆರು ಸಾವಿರ ಹೆಜ್ಜೆ ಎಲ್ಲಿಂದ ತರಬೇಕು? ಪಟ್ಟಿ ನನ್ನ ದನಿಯಲ್ಲಿ ಗದರಿದಾಗ ಅವಳು ಅಳುವುದಕ್ಕೆ ಶುರು ಮಾಡಿದಳಂತೆ. ಹುಣ್ಣಿಗೆ ಹನ್ನೊಂದು ವರ್ಷದಲ್ಲಿ ಅತ್ತಿರದವಳು ಹೆಸರು ತೆಗೀತಾರೆ ಎಂದದ್ದಕ್ಕೆ ಅತ್ತಳು.

ಅಂಜಿನಪ್ಪ ರೊಟ್ಟಿ ತಿನ್ನುತ್ತಿದ್ದವನು ತಾಟು ಸರಿಸಿದ. "ಕೊಡಿಲ್ಲಿ. ನಾ ನಡೀತೀನಿ."

"ನೀವು ನಡದ್ರ ಹೆಂಗಾಗ್ತೈತ್ರಿ? ಹುಣ್ಣು ನಂದು."

"ಹರಕಿ ಹೊತ್ತೋರಿಗೆ ಆಗ್ಲಿಲ್ಲ ಅಂದ್ರ ಮನ್ಯಾಗಿನೋರು ತೀರ್ಸೂದಿಲ್ಲೇನು? ನಮ್ಮವ್ವಗ ಜಡ್ಡಾದಾಗ ಆಕಿ ಹೆಸರಿನ್ಯಾಗ ಕೊಟ್ಟೂರತನಕ ನಾ ನಡದಿಲ್ಲೇನು? ಆಕಿಗೆ ಆರಾಮಾಗ್ಲಿಲ್ಲೇನು?"

"ಅದು ದೇವ್ರು. ಇದು ಮಷೀನು."

"ದೇವ್ರೇ ಒಪ್ಕೋತಾನ ಅಂದ್ರ ಮಷೀನು ಒಪ್ಪೂದಿಲ್ಲೇನು? ಸುಮ್ನ ಕೊಡು. ನೀ ಹೊಳ್ಳಿ ಸಂಜೀಗೆ ಕಟ್ಕೋ, ಪುಣ್ಯ ನಿನಗ ಮುಟ್ಟತೈತಿ."

ಮೂವತ್ತಾರು ದಿನ. ಬೆಳಕು ಹರಿಯುವ ಹೊತ್ತಿಗೆ ಕುಂದವಾಡ ಕೆರೆಯ ಏರಿಯ ಮೇಲೆ ಅವನು ನಡೆದ. ದುಂಡು ಹೊಟ್ಟೆಯ ಸಾಹುಕಾರರ ನಡುವೆ, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ನಡೆದ. ಹರಕೆಯ ನಡಿಗೆಗೆ ಚಪ್ಪಲಿ ಹಾಕುವುದಿಲ್ಲವಲ್ಲ. ಬೀಡಿ ಬಿಟ್ಟ. ಸೋಮವಾರ ಒಪ್ಪತ್ತು ಮಾಡಿದ. ಆಮೇಲೆ ಭಟ್ಟಿಗೆ ಹೋಗಿ ಮೂಟೆ ಹೊತ್ತ. ಸಂಜೆ ಕೈಕಾಲು ತೊಳೆದು ಬಂದು ಪಟ್ಟಿಯನ್ನು ಬಿಚ್ಚಿ, ಒರೆಸಿ, ಕಣ್ಣಿಗೊತ್ತಿಕೊಂಡು ಹೆಂಡತಿಯ ತೊಡೆಗೆ ಕಟ್ಟುತ್ತಿದ್ದ. ಅರ್ಧ ಗಂಟೆ ಪಕ್ಕದಲ್ಲಿ ಮಾತಿಲ್ಲದೆ ಕೂರುತ್ತಿದ್ದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಷ್ಟು ಹೊತ್ತು ಅವರು ಪಕ್ಕದಲ್ಲಿ ಕೂತದ್ದೇ ಇಲ್ಲವಂತೆ. ಅದನ್ನು ಹೇಳುವಾಗ ಹಾಲಮ್ಮನ ಮುಖದಲ್ಲಿ ನಾಚಿಕೆ ಇತ್ತು. ನನಗೆ ಎದ್ದು ಓಡಿಹೋಗಬೇಕೆನ್ನಿಸಿತು.

ಪಟ್ಟಿಗೆ ಕಾಲು ಯಾರದೆಂದು ಗುರುತಿಸುವ ವ್ಯವಸ್ಥೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದರು. ಇಡೋಣವೆಂದು ಒಬ್ಬ ಹುಡುಗಿ ಸೂಚಿಸಿದ್ದಳು. "ಬೇರೆಯವರ ಹುಣ್ಣಿನ ಪಟ್ಟಿಯನ್ನು ಯಾರಮ್ಮಾ ಆಸೆಪಟ್ಟು ಕಟ್ಟಿಕೊಳ್ತಾರೆ?" ಎಂದು ನಾನು ತಮಾಷೆ ಮಾಡಿದ್ದೆ. ಎಲ್ಲರೂ ನಕ್ಕಿದ್ದರು.

ಆ ನಲವತ್ತು ದಿನ ಹುಣ್ಣು ಚಿಕ್ಕದಾಗುತ್ತಲೇ ಬಂತು. ನಮ್ಮ ಸಿಸ್ಟರ್ ರಿಹಾನಾ ದಿನ ಬಿಟ್ಟು ದಿನ ಸಂಜೆ, ಪಟ್ಟಿ ಬಿಚ್ಚಿಟ್ಟ ಹೊತ್ತಿಗೆ, ಮನೆಗೆ ಹೋಗಿ ಗಾಯ ತೊಳೆದು ಬಿಗಿಯಾಗಿ ಕಟ್ಟುತ್ತಿದ್ದಳು. ಕಾಲು ಎತ್ತರಕ್ಕಿಟ್ಟ ಅರ್ಧ ಗಂಟೆಯೂ ಕೆಲಸ ಮಾಡಿತು. ಕವಾಟ ಇನ್ನೂ ಮೆತ್ತಗಿತ್ತು, ಒಳ್ಳೆಯದನ್ನೂ ಮಾಡಲಿಲ್ಲ, ಕೆಟ್ಟದ್ದನ್ನೂ ಮಾಡಲಿಲ್ಲ. ನಾವು ಎಲ್ಲ ಹೆಸರನ್ನೂ ಕವಾಟಕ್ಕೇ ಕೊಟ್ಟೆವು. ಹದಿನೇಳನೆಯ ಸಾಲನ್ನು ದೊಡ್ಡದು ಮಾಡಿ ಸಭೆಯಲ್ಲಿ ತೋರಿಸಿದೆ. ಮುನ್ನೂರರಲ್ಲಿ ಇದು ಅತ್ಯುತ್ತಮ ಕಾಲು ಎಂದೆ. ಸುಳ್ಳಲ್ಲ, ಕಾಲು ಅತ್ಯುತ್ತಮವೇ ಆಗಿತ್ತು.

ನಲವತ್ತೊಂದನೆಯ ದಿನ ಮಿಡಿತ ಕೊಟ್ಟು ಕವಾಟ ಗಟ್ಟಿ ಮಾಡಿದೆವು. ಹುಣ್ಣು ಆಗ ಒಂದು ರೂಪಾಯಿ ನಾಣ್ಯದಷ್ಟಿತ್ತು. ಪಟ್ಟಿ ಮನೆಯಲ್ಲೇ ಇರಲಿ, ತಿಂಗಳಿಗೊಮ್ಮೆ ಕಟ್ಟಿಕೊಂಡು ತೋರಿಸಿ ಎಂದೆ. ಅಂಜಿನಪ್ಪ ನನಗೂ ಡಾಕ್ಟರಿಗೂ ಒಂದೊಂದು ಚೀಲ ಮಂಡಕ್ಕಿ ತಂದಿದ್ದ. ಆ ವಾರ ಹಾಲಮ್ಮ ತಂಗಿಯ ಮಗಳ ಮದುವೆಗೆ ಹೋಗಿ ಪಂಕ್ತಿಯ ನಡುವೆ ಕೂತು ಉಂಡಳು. ಎಡಕ್ಕೂ ಬಲಕ್ಕೂ ಜನ ಕೂತಿದ್ದರು. ಎರಡು ಸಲ ಪಾಯಸ ಹಾಕಿಸಿಕೊಂಡೆ ಎಂದು ರಿಹಾನಾಳ ಹತ್ತಿರ ಹೇಳಿ ಕಳಿಸಿದಳು.

ಕವಾಟ ಗಟ್ಟಿಯಾಗಿ ಹತ್ತೊಂಬತ್ತು ದಿನ ಕಳೆದ ಮೇಲೆ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ತಂದರು. ಬಲಗಾಲು ತೊಡೆಯವರೆಗೆ ಊದಿ ನೀಲಿಗಟ್ಟಿತ್ತು. ನಾಣ್ಯದಷ್ಟಿದ್ದ ಹುಣ್ಣು ಗಿಣ್ಣಿನ ಸುತ್ತ ಹರಿದುಕೊಂಡಿತ್ತು. ಡಾಕ್ಟರ್ ಫಾಲಾಕ್ಷ ಸ್ಕ್ಯಾನ್ ಮಾಡಿ ನನ್ನ ಕಡೆ ನೋಡಿದರು. "ಇಂದುಮತಿ, ನಿಮ್ಮ ಕವಾಟ ಹುಚ್ಚು ಹಿಡಿದ ಹಾಗೆ ಬಡಕೊಳ್ತಿದೆ. ಮೇಲೆ ಕೆಳಗೆ ಎಲ್ಲ ಹೆಪ್ಪು."

ಹಾಗಾಗಲು ಸಾಧ್ಯವೇ ಇಲ್ಲ ಎಂದೆ. ಇದು ಅತ್ಯುತ್ತಮ ಕಾಲು ಎಂದೆ. ಆಗ ಅಂಜಿನಪ್ಪ ಹಾಸಿಗೆಯ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಪಂಚೆ ಮೇಲೆ ಸರಿಯಿತು. ಅವನ ಬಲಗಾಲಿನ ಮೀನಖಂಡದ ಕೆಳಗೆ, ಬಿಸಿಲಿಗೆ ಕಪ್ಪಾದ ಚರ್ಮದ ನಡುವೆ, ಎರಡು ಬೆರಳಗಲದ ಬಿಳಿ ಗುರುತಿತ್ತು.

"ಪಟ್ಟಿ ನೀವು ಕಟ್ಟಿಕೊಂಡಿದ್ರಾ?"

"ಹೌದ್ರಿ ಮೇಡಮ್ಮಾರೇ." ಅಷ್ಟು ದುಃಖದಲ್ಲೂ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು. "ಆಕಿಗೆ ಆಗ್ತಿರ್ಲಿಲ್ಲ. ನಾನೇ ನಡದೆ. ಒಂದಿನಾನೂ ತಪ್ಸಿಲ್ರಿ, ಬೇಕಾದ್ರ ಮಷೀನ್ ಕೇಳ್ರಿ."

ತಲೆ ಎತ್ತಿದರೆ ಹಾಲಮ್ಮ ನನ್ನನ್ನೇ ನೋಡುತ್ತಿದ್ದಳು. ಚಹಾ ತರಲು ಗಂಡ ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು. "ಅದರಿಂದಾನೇನ್ರಿ?" ನಾನು ಹೌದೆಂದು ತಲೆಯಾಡಿಸಿದೆ. ಅವಳು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

ಹೆಪ್ಪು ಕರಗಿಸುವ ಔಷಧ ಕೊಟ್ಟರು, ನಾಳದೊಳಗೆ ತಂತಿ ತೂರಿಸಿ ಹೆಪ್ಪು ಎಳೆದರು. ಎಳೆದಷ್ಟೂ ಮತ್ತೆ ಕಟ್ಟಿತು, ಕಾಲ್ಬೆರಳುಗಳು ಕಪ್ಪಾಗತೊಡಗಿದವು. ಕವಾಟವನ್ನು ತೆಗೆಯುವಂತಿರಲಿಲ್ಲ, ಅದು ಗೋಡೆಯೊಂದಿಗೆ ಒಂದಾಗಿತ್ತು. ಮರೆಸುವಂತೆಯೂ ಇರಲಿಲ್ಲ. ಮರೆಯಬಾರದೆಂದೇ ನಾನು ಮಾಡಿದ್ದೆ.

ಆ ಮೂರು ದಿನ ನಾನು ಕೊಠಡಿಯಲ್ಲಿ ಕೂತು ಕವಾಟ ಮಾಡಿದ್ದೇನೆಂದು ಬಿಡಿಸಿ ನೋಡಿದೆ. ಅಂಜಿನಪ್ಪನ ನಡಿಗೆಯಲ್ಲಿ ಒಂದು ಹೆಜ್ಜೆಯ ಹಿಂದೆ ಇನ್ನೊಂದು ಇದ್ದೇ ಇರುತ್ತಿತ್ತು. ಅದನ್ನೇ ಕವಾಟ ಕಲಿತಿತ್ತು. ಹಾಲಮ್ಮ ಭಟ್ಟಿಯ ಮುಂದೆ ನಿಂತು ಒಂದು ಸಲ ಮೀನಖಂಡ ಬಿಗಿ ಮಾಡಿದರೆ ಸಾಕು, ಇನ್ನು ಸಾಲಾಗಿ ಹೆಜ್ಜೆಗಳು ಬರುತ್ತವೆಂದು ನಂಬಿ ಅದು ತೆರೆದು ಮುಚ್ಚಿ, ತೆರೆದು ಮುಚ್ಚಿ ಕಾಯುತ್ತಿತ್ತು. ಹೆಜ್ಜೆ ಬರುತ್ತಿರಲಿಲ್ಲ. ತೆರೆದಾಗಲೆಲ್ಲ ಮೇಲಿನ ರಕ್ತ ಕೆಳಗೆ ಬಿದ್ದು ಮಡುಗಟ್ಟಿ ಹೆಪ್ಪಾಗುತ್ತಿತ್ತು. ದಿನಕ್ಕೆ ಏಳು ಗಂಟೆ, ಹತ್ತೊಂಬತ್ತು ದಿನ.

ಆಮೇಲೆ ಭಟ್ಟಿಗೆ ಹೋದೆ. ಮೊದಲೇ ಹೋಗಬೇಕಿತ್ತು. ಹಾಲಮ್ಮನ ಜಾಗದಲ್ಲಿ ಬೇರೊಬ್ಬ ಹೆಂಗಸು ನಿಂತಿದ್ದಳು. ಕಾದ ಮರಳಿಗೆ ಅಕ್ಕಿ ಸುರಿಯುತ್ತಾಳೆ, ಕೆದಕುತ್ತಾಳೆ, ಅರಳುತ್ತಿದ್ದಂತೆ ಮರಳು ಸಮೇತ ಎತ್ತಿ ಜರಡಿಗೆ ಹಾಕುತ್ತಾಳೆ. ಎತ್ತುವಾಗ ತುದಿಗಾಲ ಮೇಲೆ ಏಳುತ್ತಾಳೆ. ಇಳಿದು ಎಡಗಾಲಿಗೆ ಭಾರ ಬಿಡುತ್ತಾಳೆ, ಬಲಗಾಲಿಗೆ ಬಿಡುತ್ತಾಳೆ. ಮತ್ತೆ ಅಕ್ಕಿ. ಒಂದು ಗಂಟೆ ನೋಡಿದೆ, ಅವಳು ಒಮ್ಮೆಯೂ ತಪ್ಪಲಿಲ್ಲ. ಅದು ಕಸವಾಗಿರಲಿಲ್ಲ, ಅದೇ ಅವಳ ಕಾಲಿನ ಲಯ.

ವಾಪಸು ಬಂದು, ನಾನು ಸೋಸಿ ಬದಿಗಿಟ್ಟಿದ್ದ ಆ ನಾಲ್ಕು ದಿನವನ್ನು ತೆಗೆದೆ. ಕಂಪ್ಯೂಟರಿನೊಳಗಿನ ಕವಾಟಕ್ಕೆ ಅಷ್ಟನ್ನೇ ಕಲಿಸಿದೆ, ಎಂಟುನೂರು ಚಿಲ್ಲರೆ ಹೆಜ್ಜೆ ಮತ್ತು ಉಳಿದ ಕಸವನ್ನೆಲ್ಲ. ನಾಲ್ಕೇ ದಿನದ ಪಾಠದಲ್ಲಿ ಅದು ತುದಿಗಾಲಿಗೆ ಸರಿಯಾಗಿ ತೆರೆಯಿತು, ಇಳಿದಾಗ ಸರಿಯಾಗಿ ಮುಚ್ಚಿತು. ಹಾಲಮ್ಮ ಒಂದು ಹೆಜ್ಜೆಯನ್ನೂ ಹೆಚ್ಚಿಗೆ ನಡೆಯಬೇಕಿರಲಿಲ್ಲ. ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿದ್ದಿದ್ದರೆ ವಾಸಿಯಾಗುತ್ತಿದ್ದಳು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಯಾರಿಗೂ ಉಪಯೋಗವಿಲ್ಲದ ಅಳು.

ಮರುದಿನ ಮಧ್ಯಾಹ್ನ ಮೊಣಕಾಲಿನ ಮೇಲಿಂದ ಕಾಲು ತೆಗೆದರು.

ವರದಿಯಲ್ಲಿ ನಾನು ಎಲ್ಲವನ್ನೂ ಬರೆದೆ. ಆರು ಸಾವಿರದ ನಿಯಮ ತಪ್ಪು, ಅದನ್ನು ಮಾಡಿದವಳು ನಾನು ಎಂದು ಬರೆದೆ. ನಿರ್ದೇಶಕರು ಓದಿ, ಕನ್ನಡಕ ತೆಗೆದು, "ಉಳಿದ ಇನ್ನೂರ ತೊಂಬತ್ತೊಂಬತ್ತು ಕಾಲುಗಳ ಗತಿ?" ಎಂದರು. ಪ್ರಯೋಗ ನಿಂತರೆ ಅವರಿಗೆಲ್ಲ ಏನು ಹೇಳುತ್ತೀಯ ಎಂದರು. ಒಪ್ಪಿಗೆ ಪತ್ರದ ಹದಿನಾಲ್ಕು ಪುಟದಲ್ಲಿ ಪಟ್ಟಿಯನ್ನು ರೋಗಿಯೇ ಧರಿಸತಕ್ಕದ್ದು ಎಂಬ ಒಂಬತ್ತನೆಯ ಷರತ್ತಿತ್ತಂತೆ. ನಾನೇ ಅದನ್ನು ಓದಿರಲಿಲ್ಲ. ಹೊಸ ವರದಿ ತಯಾರಾಯಿತು. ನಾನು ಸಹಿ ಮಾಡಿದೆ. ಇದಕ್ಕೆ ಏನು ಕಾರಣ ಕೊಟ್ಟರೂ ಅದು ಕಾರಣವಲ್ಲ, ಹೆದರಿದೆ, ಮಾಡಿದೆ.

ವರದಿಯ ಕನ್ನಡ ಪತ್ರವನ್ನು ರೋಗಿಯ ಮನೆಗೆ ಮುಟ್ಟಿಸಬೇಕೆಂಬ ನಿಯಮವೂ ಇತ್ತು. ನಾನೇ ತೆಗೆದುಕೊಂಡು ಹೋದೆ.

ಹಾಲಮ್ಮ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ಸೀರೆಯನ್ನು ಕಾಲಿಲ್ಲದ ಕಡೆ ಮಡಚಿ ಸಿಕ್ಕಿಸಿಕೊಂಡಿದ್ದಳು. "ಬರ್ರಿ, ಹತ್ರ ಕುಂದ್ರಿ. ಈಗ ವಾಸನಿ ಇಲ್ಲ" ಎಂದಳು. ಕೂತೆ. ಅವಳ ಎಡಗಾಲಿನ ಗಿಣ್ಣಿನ ಒಳಬದಿಯಲ್ಲಿ ಚರ್ಮ ಕಪ್ಪಾಗಿತ್ತು, ಕೆರೆದ ಗೆರೆಗಳಿದ್ದವು. ನನಗೆ ಆ ಬಣ್ಣ ಚೆನ್ನಾಗಿ ಗೊತ್ತು. ನಿಯಮ ಮುರಿದವರಿಗೆ ಎರಡನೆಯ ಕವಾಟ ಇಲ್ಲವೆಂಬುದೂ ಗೊತ್ತು.

ಅಂಜಿನಪ್ಪ ಪತ್ರವನ್ನು ಎರಡೂ ಕೈಯಲ್ಲಿ ಇಸಕೊಂಡು ಹೆಂಡತಿಗೆ ಕೊಟ್ಟ. "ನನಗ ಅಕ್ಷರ ಹತ್ಲಿಲ್ರಿ. ಈಕಿ ಏಳನೇ ಕ್ಲಾಸು ಓದ್ಯಾಳ. ಓದು, ಏನೈತಿ ಕೇಳೂಣು."

ಪತ್ರದಲ್ಲಿ ಏನಿತ್ತೆಂದು ನನಗೆ ಬಾಯಿಪಾಠ. "ರೋಗಿಯು ಒಂಬತ್ತನೇ ಷರತ್ತನ್ನು ಉಲ್ಲಂಘಿಸಿ ಕಲಿಕೆಪಟ್ಟಿಯನ್ನು ತಮ್ಮ ಪತಿಯವರಿಗೆ ಧರಿಸಲು ನೀಡಿದ್ದರಿಂದ ಕವಾಟವು ತಪ್ಪು ಲಯವನ್ನು ಕಲಿತು, ತತ್ಪರಿಣಾಮವಾಗಿ ಬಲಗಾಲನ್ನು ತೆಗೆಯಬೇಕಾಗಿ ಬಂದಿರುತ್ತದೆ. ಇದಕ್ಕೆ ಸಂಸ್ಥೆಯು ಜವಾಬ್ದಾರಿಯಲ್ಲ."

ಹಾಲಮ್ಮ ಮೊದಲು ಒಳಗೊಳಗೇ ಓದಿಕೊಂಡಳು. ತುಟಿ ಅಲುಗುತ್ತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಎದ್ದು ನಿಂತು ಓದುವವರ ದನಿಯಲ್ಲಿ ಶುರು ಮಾಡಿದಳು.

"ರೋಗಿಯ ಪತಿಯವರಾದ ಅಂಜಿನಪ್ಪನವರು ಒಂದು ದಿನವೂ ತಪ್ಪದೆ ನಡೆದಿರುತ್ತಾರೆ. ಅವರ ನಡಿಗೆಯಲ್ಲಿ ಯಾವ ದೋಷವೂ ಇರುವುದಿಲ್ಲ. ಮಷೀನು ಕೆಟ್ಟಿದ್ದರಿಂದ ಹಿಂಗ ಆಗಿರುತ್ತದೆ."

ಪತ್ರವನ್ನು ಮಡಚಿ ತೊಡೆಯ ಕೆಳಗಿಟ್ಟುಕೊಂಡಳು. ನನ್ನ ಕಡೆ ನೋಡಲಿಲ್ಲ.

ಅಂಜಿನಪ್ಪ ಮುಖ ಒರೆಸಿಕೊಂಡು ನನ್ನನ್ನು ಕೇಳಿದ. "ಹಂಗಾದ್ರ ನಡಿಗಿ ಕೆಟ್ಟಿದ್ದಿಲ್ಲ. ಹೌದಲ್ರಿ?"

"ಇಲ್ಲ" ಎಂದೆ. "ನಿಮ್ಮ ನಡಿಗೆಯಲ್ಲಿ ಏನೂ ತಪ್ಪಿರಲಿಲ್ಲ."

"ನಾ ದಿನಾ ಅದನ್ನ ಯೋಚ್ನಿ ಮಾಡ್ತಿದ್ದೆ ನೋಡ್ರಿ. ಎಲ್ಯರೆ ನಾ ಕಡಿಮಿ ನಡದ್ನೇನೋ ಅಂತ." ಅವನು ಎದ್ದು ದೇವರ ಫೋಟೋದ ಹಿಂದಿನಿಂದ ನೀಲಿ ಪಟ್ಟಿಯನ್ನು ತೆಗೆದ. "ಈಗ ಎಡಗಾಲೂ ತುರಿಸ್ತೈತಿ ಅಂತಾಳ. ನಾಳಿಂದ ಅದಕ್ಕ ನಡೀತೀನಿ. ಆರು ಸಾವಿರ ಸಾಲೂದಿಲ್ಲ ಈ ಸಲ, ಎಂಟು ನಡೀತೀನಿ."

ಆ ಕಾಲಿನಲ್ಲಿ ಕವಾಟವಿಲ್ಲ, ಪಟ್ಟಿ ಹೇಳುವುದನ್ನು ಕೇಳಲು ಅಲ್ಲಿ ಏನೂ ಇಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಹಾಲಮ್ಮ ಈಗ ನನ್ನನ್ನು ನೋಡಿದಳು. ತಲೆಯನ್ನು ಸ್ವಲ್ಪವೇ, ಬೇಡ ಎಂಬಂತೆ ಆಡಿಸಿದಳು. ನಾನು ಚಪ್ಪಲಿ ಹಾಕಿಕೊಂಡು ಬಂದೆ.

ಪ್ರಯೋಗ ನಡೆಯುತ್ತಿದೆ. ಪಟ್ಟಿಗೆ ಈಗ ಕಾಲಿನ ಗುರುತು ಹಿಡಿಯುವ ವ್ಯವಸ್ಥೆ ಇದೆ, ಹೆಜ್ಜೆಯ ನಿಯಮ ಇಲ್ಲ. ಹತ್ತಾರು ಜನರ ಹುಣ್ಣು ಮಾಯ್ದಿದೆ. ದಾಖಲೆಯಲ್ಲಿ ಹದಿನೇಳರ ಮುಂದೆ 'ಮುಕ್ತಾಯ' ಎಂದು ಬರೆದಿದೆ. ಆದರೆ ಹಳೆಯ ಪಟ್ಟಿಗೆ ಅದು ಗೊತ್ತಿಲ್ಲ. ಬೆಳಿಗ್ಗೆ ನಾನು ಬಂದು ಪರದೆ ಹಚ್ಚುವ ಹೊತ್ತಿಗೆ ಆ ಸಾಲು ಓಡುತ್ತಿರುತ್ತದೆ, ಕುಂದವಾಡ ಕೆರೆಯ ಏರಿಯ ಮೇಲೆ. ಎಂಟು ಸಾವಿರ. ಒಂದೊಂದು ದಿನ ಒಂಬತ್ತು. ಕಳೆದ ವಾರ ಎಡಗಿಣ್ಣು ಒಡೆಯಿತೆಂದು ರಿಹಾನಾ ಹೇಳಿದಳು. ಮರುದಿನ ಹನ್ನೊಂದು ಸಾವಿರ ಇತ್ತು.

ಸಂಜೆ ಆರೂಕಾಲಿಗೆ ಅವನು ಪಟ್ಟಿಯನ್ನು ಅವಳ ಎಡತೊಡೆಗೆ ಕಟ್ಟುತ್ತಾನೆ. ಆಗ ಪಟ್ಟಿ ನನ್ನ ದನಿಯಲ್ಲಿ ಹೇಳುತ್ತದೆ, "ಅಭಿನಂದನೆಗಳು. ಇಂದಿನ ನಿಮ್ಮ ನಡಿಗೆ ಬಹಳ ಚೆನ್ನಾಗಿದೆ. ಹೀಗೇ ಮುಂದುವರಿಸಿ." ಅದನ್ನು ನಿಲ್ಲಿಸಲು ನನ್ನ ಮೇಜಿನ ಮೇಲೆ ಒಂದು ಗುಂಡಿ ಇದೆ. ಒತ್ತಿಲ್ಲ. ದನಿ ನಿಂತರೆ, ಯಾಕೆ ನಿಂತಿತೆಂದು ಕೇಳಲು ಅವನು ಬರುತ್ತಾನೆ.